ರಾಕೆಟ್ಟಿಗೆ ಹೋಲ್ಡಾನ್

ಅಮ್ಮತ್ತಿಯಿಂದ ನಾನು ದಿನಾ ಮನೆಗೆ ಹೋಗುವ ಖಾಸಗಿ ಬಸ್ಸು ಆ ಸಂಜೆ ಹೊತ್ತು ಮೀರಿದರೂ ಹೊರಟಿರಲಿಲ್ಲ. ಕಾರಣ ನನ್ನ ಮೊಬೈಲು. ಅಮೆರಿಕದ ಖಾಸಗಿ ಕಂಪನಿಯೊಂದು ಹಾರಿಸಿದ ರಾಕೆಟ್ಟಿನ ಕೆಳಭಾಗ ವಾಪಸು ಬಂದು ಇಳಿಯುವುದನ್ನು ನೇರಪ್ರಸಾರದಲ್ಲಿ ತೋರಿಸುತ್ತಿದ್ದರು. ಕಂಡಕ್ಟರ್ ನನ್ನ ಸೀಟಿಗೆ ಒರಗಿ ನೋಡುತ್ತಿದ್ದ.

“ಪ್ರೈವೇಟ್ ಅಂದ್ರೆ ಹೀಗಿರ್ಬೇಕು. ಟ್ರಿಪ್ಪಿಗೊಂದು ಬಸ್ಸು ಸಮುದ್ರಕ್ಕೆ ಎಸೆದ್ರೆ ಓನರ್ ಉಳೀತಾನಾ ಮಾರಾಯ್ರೆ? ಸರ್ಕಾರದವ್ರು ಇಷ್ಟು ವರ್ಷ ರಾಕೆಟ್ಟಿಗೆ ಮಾಡಿದ್ದು ಅದೇ!” ಎಂದ.

ನನಗೆ ಮೈ ಉರಿಯಿತು. “ನಮ್ಮ ಸರ್ಕಾರದ ರೆಕ್ಕೆಯ ಬಾಹ್ಯಾಕಾಶ ವಾಹನ ಚಿತ್ರದುರ್ಗದ ಹತ್ತಿರ ರನ್‌ವೇ ಮೇಲೆ ತಾನಾಗೇ ಇಳೀಲಿಲ್ವಾ?” ಎಂದೆ.

ಮುಂದಿನ ಸೀಟಿನಲ್ಲಿದ್ದವರು ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅವರೂ ತಿರುಗಿ, “ನಿನ್ನ ಬಸ್ಸು ಓಡೋ ರೋಡು ಹಾಕಿದ್ದು ಯಾರಪ್ಪ? ಓನರಾ?” ಎಂದರು.

ಅಷ್ಟರಲ್ಲಿ ರಾಕೆಟ್ ಬಂದೇಬಿಟ್ಟಿತು. ಬೆಂಕಿ ಉಗುಳುತ್ತಾ, ನೆಟ್ಟಗೆ ನಿಂತುಕೊಂಡೇ ಇಳಿಯತೊಡಗಿತು. ಕಂಡಕ್ಟರ್‌ಗೆ ತಡೆಯಲಾಗಲಿಲ್ಲ. ಬಸ್ಸು ನಿಲ್ಲಿಸಲು ದಿನವಿಡೀ ಕೂಗುವ ಮಾತನ್ನೇ ಕೂಗಿದ: “ಹೋಲ್ಡಾನ್! ಹೋಲ್ಡಾನ್!” ನಾನೂ ಕೂಗಿದೆ. ಕಾಫಿ ಪಿಕಿಂಗ್ ಮುಗಿಸಿ ಬಂದಿದ್ದ ಹೆಂಗಸರೂ ಎದ್ದು ನಿಂತು ಕೂಗಿದರು. ನಮ್ಮ ಮಾತು ಕೇಳಿದ ಹಾಗೆ ರಾಕೆಟ್ ಗುರುತಿನ ಮೇಲೆಯೇ ನಿಂತಿತು. ಬಸ್ಸಿನ ತುಂಬ ಚಪ್ಪಾಳೆ.

ನಿವೃತ್ತ ಡ್ರೈವರ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಪಕ್ಕದ ತಗಡನ್ನು ದಬದಬನೆ ಬಡಿದರು.

“ಇಳಿದ್ರೆ ಮುಗೀತಾ? ಸರ್ಕಾರದ್ದೋ ಪ್ರೈವೇಟೋ, ಅದೇ ಗಾಡಿ ಮತ್ತೆ ಮೇಲೆ ಹೋಗ್ಬೇಕು. ಹೇಳ್ರೋ, ರೈಟ್!”

ಸ್ಟಿಯರಿಂಗ್ ಹಿಡಿದು ಕಾಯುತ್ತಿದ್ದ ನಮ್ಮ ಡ್ರೈವರ್‌ಗೆ ಕೇಳಿಸಿದ್ದು ಕೊನೆಯ ಮಾತೊಂದೇ. ಬಸ್ಸು ಎತ್ತಿಯೇಬಿಟ್ಟ.