ಚಪ್ಪಲಿಗಳ ಸಾಲು

ಜನನ ಮರಣ ಪತ್ರ ಕೊಡುವ ಆ ಕಚೇರಿಯ ಜವಾನನಿಗೆ ಜನ ಇಟ್ಟ ಹೆಸರು ಚಪ್ಪಲಿ ಸಾಹೇಬ. ಎದುರಿಗೇ ಹಾಗೆ ಕರೆದರೂ ಆತ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಹೆಸರು ಬಂದದ್ದು ಕಿಟಕಿಯ ಮುಂದಿನ ಸಾಲಿನಿಂದ. ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಬಂದವರು ಒಂದು ಕಾಲಿನ ಚಪ್ಪಲಿಯನ್ನೋ ಕೈಚೀಲವನ್ನೋ ಸಾಲಿನಲ್ಲಿಟ್ಟು ಮರದ ನೆರಳಿಗೆ ಹೋಗಿ ಕೂರುತ್ತಿದ್ದರು. ಕಿಟಕಿಯಲ್ಲಿ ಒಬ್ಬರ ಕೆಲಸ ಮುಗಿದರೆ ಯಾರಾದರೊಬ್ಬರು ಎದ್ದು ಎಲ್ಲವನ್ನೂ ತುಸು ಮುಂದಕ್ಕೆ ಸರಿಸುತ್ತಿದ್ದರು. ಕಲ್ಲು ಇಟ್ಟರೆ ಮಾತ್ರ ಲೆಕ್ಕಕ್ಕಿಲ್ಲ. ಕಲ್ಲಿಟ್ಟವನು ಪೇಟೆಯೆಲ್ಲ ಸುತ್ತಿ ಸಂಜೆಗೆ ಬಂದರೂ ಬಂದ. ಒಂಟಿ ಚಪ್ಪಲಿಯಲ್ಲಿ ಮನುಷ್ಯ ಎಷ್ಟು ದೂರ ಹೋದಾನು?

ಈ ಕಟ್ಟಳೆ ಯಾವ ಕಡತದಲ್ಲೂ ಇರಲಿಲ್ಲ. ಹೊಸದಾಗಿ ಬಂದ ಮೇಲಧಿಕಾರಿ ಮೇಡಂ ಕೆಟ್ಟವರಲ್ಲ, ಆದರೆ ಬರೆದದ್ದಷ್ಟೇ ಕಾನೂನು ಎನ್ನುವವರು. ಬಂದ ವಾರವೇ ನೋಟೀಸು ಅಂಟಿಸಿದರು: ಸಾಲಿನಲ್ಲಿ ಮನುಷ್ಯರೇ ನಿಲ್ಲತಕ್ಕದ್ದು, ವಸ್ತುಗಳನ್ನು ತೆಗೆಯುವುದು ಜವಾನನ ಹೊಣೆ. ಮರುದಿನ ಎಳೆಗೂಸು ಎತ್ತಿಕೊಂಡು ಬಂದ ತಾಯಿಯ ಚೀಲ ತೆಗೆಯಲು ಸಾಹೇಬನಿಗೆ ಕೈ ಬರಲಿಲ್ಲ. ಮೇಡಂ ಕಣ್ಣಿಗೆ ಅದೇ ಬಿದ್ದು ಆತನ ಕೈಗೆ ಮೆಮೊ ಬಂತು. ಮೂರು ದಿನದೊಳಗೆ ಸರಿಯಾದ ವಿವರಣೆ ಕೊಡದಿದ್ದರೆ ಸೇವಾ ಪುಸ್ತಕದಲ್ಲಿ ದಾಖಲಾಗುತ್ತದೆ. ಮೂವತ್ತಮೂರು ವರ್ಷದಲ್ಲಿ ಒಂದು ಕಪ್ಪುಚುಕ್ಕೆ ಇಲ್ಲ, ನಿವೃತ್ತಿಗೆ ಉಳಿದದ್ದು ಐದೇ ತಿಂಗಳು. ಆತ ನಿಜಕ್ಕೂ ಹೆದರಿದ. ಚೀಲ ಎತ್ತಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಹೆಂಡತಿಯೂ ತರಾಟೆಗೆ ತೆಗೆದುಕೊಂಡಳು.

ಮಾರನೆಯ ದಿನ ಸಾಹೇಬ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಬದಿಗಿಟ್ಟ. ಜನ ಗೊಣಗುತ್ತ ಬಿಸಿಲಿನಲ್ಲಿ ನಿಂತರು. ಹನ್ನೊಂದು ಗಂಟೆಯ ಹೊತ್ತಿಗೆ ಸಾಲಿಗೆ ನಡುವೆ ಹೊಟ್ಟೆ ಬಂತು. ಇವರು ನಮ್ಮ ಜೊತೆಯವರು ಎಂದು ಒಬ್ಬ ತನ್ನ ಭಾವಮೈದನನ್ನು ಒಳಗೆಳೆದುಕೊಂಡ. ಅವನ ಹಿಂದಿದ್ದವಳು ತಾನೇನು ಕಮ್ಮಿ ಎಂದು ಇಬ್ಬರು ಓರಗಿತ್ತಿಯರನ್ನು ಕರೆದಳು. ಮಾತಿಗೆ ಮಾತು ಬೆಳೆದು ಅಂಗಿಯ ಕಾಲರಿಗೆ ಕೈ ಹೋಯಿತು. ಗುಮಾಸ್ತ ಹೆದರಿ ಕಿಟಕಿಯನ್ನೇ ಮುಚ್ಚಿಬಿಟ್ಟ.

ಗದ್ದಲ ಕೇಳಿ ಹೊರಬಂದ ಮೇಡಂ, ಇಷ್ಟು ವರ್ಷ ಇಲ್ಲದ ಜಗಳ ಇವತ್ತೇಕೆ ಎಂದು ಕೇಳಿದರು.

"ಚಪ್ಪಲಿಗೆ ಭಾವಮೈದ ಇರಲ್ಲ ಮೇಡಂ," ಎಂದ ಸಾಹೇಬ.

ಅವರು ನಗು ತಡೆದುಕೊಂಡು ಒಳಗೆ ಹೋದರು. ಸಂಜೆಯೊಳಗೆ ನೋಟೀಸು ಗೋಡೆಯಿಂದ ಇಳಿಯಿತು. ಮೆಮೊ ಮಾತ್ರ ಹಾಗೇ ಉಳಿಯಿತು.

ಮೂರನೆಯ ದಿನ ವಿವರಣೆ ಬರೆಯಲು ತೋಚದೆ ಆತ ಖಾಲಿ ಹಾಳೆ ಹಿಡಿದು ಮೇಡಂ ಮುಂದೆ ನಿಂತ. ಅವರು ಆಗಲೇ ಒಂದು ದಾರಿ ಹುಡುಕಿದ್ದರು: ಸಾಲಿನ ಕಟ್ಟಳೆಗಳನ್ನೆಲ್ಲ ಆತ ಹೇಳಿದರೆ ಸುತ್ತೋಲೆ ಮಾಡಿ, ರೂಪಿಸಿದವರು ಎಂದು ಆತನ ಹೆಸರನ್ನೇ ಹಾಕುತ್ತಾರೆ. ಮೆಮೊ ತಾನಾಗಿ ಬಿದ್ದುಹೋಗುತ್ತದೆ. ಸಾಹೇಬನಿಗೆ ಎದೆಯುಬ್ಬಿತು. ಅಚ್ಚಿನಲ್ಲಿ ತನ್ನ ಹೆಸರು! ಯಾರಿಗೆ ಬೇಡ? ಆತನಿಗೂ ಬೇಕಿತ್ತು. ಆದರೂ ಅಡ್ಡಡ್ಡ ತಲೆಯಾಡಿಸಿದ.

"ಬೇಡ ಮೇಡಂ, ಸುಳ್ಳಾಗುತ್ತೆ. ನಾನು ರಜೆ ಹಾಕಿದ ದಿನಾನೂ ಸಾಲು ಹೀಗೇ ನಡೆಯುತ್ತೆ. ಅದು ಅವರದ್ದು."

"ಹಾಗಾದ್ರೆ ಮೂವತ್ತಮೂರು ವರ್ಷ ನೀವು ಮಾಡಿದ್ದಾದ್ರೂ ಏನು?"

ಸಾಹೇಬ ಯೋಚಿಸಿದ. ಮುಚ್ಚಿಡುವಂಥದ್ದೇನೂ ಇರಲಿಲ್ಲ.

"ಚೆನ್ನಾಗಿ ನಡೀತಿತ್ತು, ನಡುವೆ ಕೈ ಹಾಕಲಿಲ್ಲ. ಅಷ್ಟೇ ಮೇಡಂ."

ಮೇಡಂ ಹಾಳೆಯನ್ನು ಇಸಿದುಕೊಂಡು ಆ ಮಾತನ್ನೇ ಒಂದಕ್ಷರ ಬಿಡದೆ ಬರೆದರು. ಆತನಿಂದ ರುಜು ಹಾಕಿಸಿ, ಕೆಳಗೆ "ವಿವರಣೆ ತೃಪ್ತಿಕರ" ಎಂದು ತಾವೂ ರುಜು ಮಾಡಿದರು.