ಕೆಂಪು ಬಟ್ಟೆಯ ಬುತ್ತಿ

ಆ ಕಾಲದಲ್ಲಿ ನಮ್ಮ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಮುಂಜಾನೆಯ ಬಸ್ಸಿಗೆ ಜನರಿಗಿಂತ ಮೊದಲು ಬುತ್ತಿಗಳು ಹತ್ತುತ್ತಿದ್ದವು. ಕಾಲೇಜು ಹುಡುಗರ ಬುತ್ತಿ, ಕಚೇರಿ ಜವಾನರ ಬುತ್ತಿ, ಲಾರಿ ರಿಪೇರಿ ಮಾಡುವವರ ಬುತ್ತಿ. ಎಂಜಿನ್ನಿನ ಬಿಸಿ ಮುಚ್ಚಳದ ಸುತ್ತ ಅವನ್ನು ಒತ್ತೊತ್ತಾಗಿ ಇಟ್ಟರೆ ದಾರಿಯುದ್ದಕ್ಕೂ ಪುಂಡಿಪಲ್ಯದ, ಬೆಳ್ಳುಳ್ಳಿ ಖಾರದ ವಾಸನೆ. ಯಾವುದರ ಮೇಲೂ ಹೆಸರು ಇರುತ್ತಿರಲಿಲ್ಲ. ಕಟ್ಟಿದ ಬಟ್ಟೆಯೇ ಗುರುತು. ಕಲ್ಯಾಣದ ನಿಲ್ದಾಣದಲ್ಲಿ ಕಂಡಕ್ಟರ್ ಎಲ್ಲವನ್ನೂ ಒಂದು ಕಿಟಕಿಯ ಕೆಳಗೆ ಇಳಿಸಿ ಹೋಗುತ್ತಿದ್ದ. ತಮ್ಮ ತಮ್ಮ ಬಟ್ಟೆ ನೋಡಿ ಜನ ಒಯ್ಯುತ್ತಿದ್ದರು. ನಮ್ಮದು ಅಪ್ಪನ ಹಳೆಯ ಲುಂಗಿಯಿಂದ ಹರಿದ ನೀಲಿ ಚೌಕಡಿ ತುಂಡು.

ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ನಮ್ಮ ಕಡೆಯ ಯಾರನ್ನು ಕೇಳಿದರೂ ಹೌದೆನ್ನುತ್ತಾರೆ. ಮುಂದಿನದಕ್ಕೆ ಅಂಥ ಆಧಾರವಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಸಾಕ್ಷಿ ಒಬ್ಬನೇ, ಅವನಿಗೂ ಹತ್ತೇ ವರ್ಷ, ಮೇಲಾಗಿ ತಪ್ಪಿನಲ್ಲಿ ಅವನದೂ ಪಾಲಿದೆ ಎಂದರೆ ಅಂಥವನ ಹೇಳಿಕೆಯನ್ನು ಎಷ್ಟು ನಂಬಬೇಕೆಂದು ನಮಗೆ ಕಲಿಸಿದ್ದಾರೆ.

ಅಪ್ಪ ಬಸವಕಲ್ಯಾಣದಲ್ಲೇ ಇದ್ದು ಲಾರಿಗಳಿಗೆ ಬಣ್ಣ ಹಚ್ಚುತ್ತಿದ್ದ. ಹಿಂಬದಿಯ ಹಲಗೆಯ ಮೇಲೆ ಗಿಳಿ, ಕಮಲ, ಬಾಣ ಚುಚ್ಚಿದ ಹೃದಯ. ಹೃದಯಕ್ಕೆ ನಮ್ಮಲ್ಲಿ ಇಸ್ಪೀಟಿನ ಎಲೆಯ ಹೆಸರೇ ಇತ್ತು: ಬದಾಮ. ದಿನಕ್ಕೆ ಹತ್ತು ಬದಾಮ ಬರೆಯುವ ಮನುಷ್ಯ ಮನೆಗೆ ಬಂದಾಗ ಅವ್ವನ ಮುಖ ನೋಡಿ ಮಾತಾಡಿದ್ದು ನನಗೆ ನೆನಪಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಪಡಸಾಲೆಯಲ್ಲೇ ಕುಳಿತಿರುತ್ತಿದ್ದಳು; ಅವಳೆದುರು ಗಂಡ ಹೆಂಡತಿ ಮಾತಾಡುವ ರೂಢಿ ಇರಲಿಲ್ಲ. ವಾರವಾರ ಬರುತ್ತಿದ್ದವನು ಆ ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬರತೊಡಗಿದ. ಬುತ್ತಿ ಮಾತ್ರ ತಪ್ಪಲಿಲ್ಲ. ಖಾಲಿ ಡಬ್ಬಿಯನ್ನು ಖಾಲಿಯಾಗಿಯೇ ಮರಳಿಸಬಾರದು ಎನ್ನುತ್ತಾರಲ್ಲ, ಹಾಗೆ ಅಪ್ಪ ಅದರಲ್ಲಿ ಏನಾದರೂ ಇಟ್ಟು ಸಂಜೆಯ ಬಸ್ಸಿಗೆ ಕಳಿಸುತ್ತಿದ್ದ. ಒಂದು ಪೇರಲ, ನಾಲ್ಕು ಬಾರಿಹಣ್ಣು, ಏನೂ ಸಿಗದಿದ್ದರೆ ಚಿಟಿಕೆ ಸಕ್ಕರೆ. ಡಬ್ಬಿ ತರಲು ನಿಲ್ದಾಣಕ್ಕೆ ಓಡುತ್ತಿದ್ದವನು ನಾನೇ. ದಾರಿಯಲ್ಲೇ ಮುಚ್ಚಳ ತೆಗೆದು ನೋಡುತ್ತಿದ್ದೆ.

ಪಕ್ಕದ ಮನೆಯ ಶಬಾನಾ ಆಪಾ ಬಟ್ಟೆ ಹೊಲಿಯುತ್ತಿದ್ದಳು. ಫೆಬ್ರವರಿಯ ಒಂದು ಮಧ್ಯಾಹ್ನ, ಕಡಲೆ ಗಿಡ ಕಿತ್ತು ತಂದು ಅಂಗಳದಲ್ಲಿ ಸುಲಿಯುತ್ತಿದ್ದಾಗ, ಅವಳು ಯಾರೋ ಗಿರಾಕಿ ಬಿಟ್ಟುಹೋದ ವಾರಪತ್ರಿಕೆ ಹಿಡಿದುಕೊಂಡು ಬಂದಳು. ಪ್ರೇಮಿಗಳ ದಿನವನ್ನು ಮನೆಯಲ್ಲೇ ಆಚರಿಸುವುದು ಹೇಗೆಂದು ನಾಲ್ಕು ಪುಟ ಬಣ್ಣದ ಚಿತ್ರಗಳು. ಕೈಯಾರೆ ಮಾಡಿದ ಕಾರ್ಡು, ಕಾಗದದ ತೋರಣ, ಹೃದಯದಾಕಾರದ ಕೇಕು, ಅದರ ಮೇಲೆ ಸ್ಟ್ರಾಬೆರಿ.

"ಇದೇನ್ರಿ ಆಪಾ, ಈ ಕೆಂಪನ ಕಾಯಿ?" ಎಂದಳು ಅವ್ವ.

"ಯಾರಿಗೆ ಗೊತ್ತವಾ. ಇಂಗ್ಲಿಷ್ ಬಾರಿಹಣ್ಣ ಇರಬೇಕು. ನೀ ಗಜ್ಜರಿ ಹಾಕು, ನಡೀತದ."

"ನಾ ಯಾಕ ಹಾಕಲಿ? ಇದೆಲ್ಲಾ ಲಗ್ನ ಆಗಲಾರದವರದು."

"ಅರೇ ಮಹಾನಂದಾ, ಲಗ್ನ ಆಗಲಾರದವರಿಗೆ ಯಾತಕ್ಕ ಬೇಕು ಇದು? ಅವರು ಹೆಂಗೂ ನೋಡ್ಕೋತಾನೇ ಇರ್ತಾರ. ಲಗ್ನ ಆದವರಿಗೇ ಬೇಕು."

ಅವ್ವ ನಕ್ಕಳು. ಆಮೇಲೆ ನಗು ನಿಂತಿತು. ಆಯಿ ಒಳಗೆ ಮಲಗಿದ್ದಾಳೆಯೇ ಎಂದು ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು: "ನಮ್ಮನ್ನೂ ಅಲ್ಲೇ ಕರಕೊಂಡ ಹೋಗ್ರಿ ಅಂತ ಕೇಳಬೇಕಂತ ಮಾಡೀನ್ರಿ ಆಪಾ. ನಮ್ಮತ್ತೀಗಿ ರಾಜೇಶ್ವರದಾಗ ಮಗಳದಾಳ, ಅವರನ್ನ ಆಕಿ ಇಟಗೋತಾಳ. ಈ ವರ್ಷ ಕೇಳಲಿಲ್ಲಂದ್ರ ಅವರು ಅಲ್ಲಿಯವರೇ ಆಗಿಬಿಡ್ತಾರ. ಬಾಯಿಲೆ ಕೇಳೂದು ನನ್ನಿಂದ ಆಗವಲ್ದು."

"ಬರದ ಕಳಸು. ಹಬ್ಬದ ನೆವಾ ಅದಲ್ಲ."

ಹೀಗೆ ನಮ್ಮ ಅಡಿಗೆಮನೆಯಲ್ಲಿ ಆ ಹಬ್ಬ ಶುರುವಾಯಿತು. ಮೂರು ದಿನ ನಡೆದಿರಬೇಕು. ನನ್ನ ನೆನಪಿನಲ್ಲಿ ಅದು ಇಡೀ ತಿಂಗಳಿನಷ್ಟು ಉದ್ದವಿದೆ. ಮೊದಲು ಅವ್ವ ಜೋಳದ ರೊಟ್ಟಿಯನ್ನು ಬದಾಮದ ಆಕಾರಕ್ಕೆ ತಟ್ಟಲು ನೋಡಿದಳು. ಹಂಚಿನ ಮೇಲೆ ಅದು ನಡುವೆ ಬಿರಿಯಿತು. ಇನ್ನೊಂದು ತಟ್ಟಿದಳು, ಅದೂ ಬಿರಿಯಿತು. ಆಯಿ ಬಾಗಿಲಲ್ಲಿ ನಿಂತು, "ಏನವಾ, ರೊಟ್ಟಿಗಿ ಕಿವಿ ಮೂಡಿಸಾಕತ್ತೀ?" ಎಂದು ಕೇಳಿದಳು.

"ಹುಡುಗನ ಸಾಲ್ಯಾಗ ಹೇಳ್ಯಾರ್ರಿ," ಎಂದಳು ಅವ್ವ.

"ಸಾಲ್ಯಾಗ ಈಗ ರೊಟ್ಟಿ ತಟ್ಟೂದು ಕಲಸ್ತಾರೇನು? ಚಲೋ ಆತು, ಮುಂದ ಸೊಸಿಗಿ ತ್ರಾಸಿಲ್ಲ."

ಕೇಕಿನ ಬದಲು ಶೇಂಗಾದ ಹೋಳಿಗೆ ಎಂದು ತೀರ್ಮಾನವಾಯಿತು. ಹುರಿದ ಶೇಂಗಾ, ಬೆಲ್ಲ, ಎಳ್ಳು ಕುಟ್ಟುವ ಕೆಲಸ ನನ್ನದು. ಕಣಕಕ್ಕೆ ನೀರಿನ ಬದಲು ಬೀಟ್‌ರೂಟ್ ಹಿಂಡಿದ ರಸ. ಬಿಸ್ಕೀಟಿನ ಡಬ್ಬಿಯ ತಗಡನ್ನು ಆಪಾ ಕತ್ತರಿಯಲ್ಲಿ ಪಟ್ಟಿಯಾಗಿ ಕತ್ತರಿಸಿ, ಬಾಗಿಸಿ, ಅಚ್ಚು ಮಾಡಿದಳು. ತುಂಬಿದ ಹೋಳಿಗೆಯನ್ನು ಅಚ್ಚಿನಿಂದ ಒತ್ತಿದರೆ ಹೂರಣ ಬದಿಯಿಂದ ಹೊರಬೀಳುತ್ತಿತ್ತು. ಆಗ ಆಪಾ ಉಪಾಯ ಹೇಳಿದಳು: ಎರಡು ತೆಳ್ಳನೆಯ ಬದಾಮ ಕತ್ತರಿಸಿ, ನಡುವೆ ಹೂರಣವಿಟ್ಟು, ಕರ್ಜಿಕಾಯಿಯಂತೆ ಅಂಚು ಚಿವುಟಬೇಕು. ಬಂತು. ಕೆಂಪಗೆ, ಸ್ವಲ್ಪ ಸೊಟ್ಟಗೆ, ಅಂಗೈಯಗಲ. ಕೆಟ್ಟವೆಲ್ಲ ನನ್ನ ಪಾಲು. ಬೆಲ್ಲ ಹಂಚಿಗೆ ಹತ್ತಿ ಸೀಯುವ ಆ ವಾಸನೆ ಮಾತ್ರ ಸುಳ್ಳಲ್ಲ. ಈಗಲೂ ಎಲ್ಲಾದರೂ ಅದು ಬಂದರೆ ಅಲ್ಲಿ ನಿಲ್ಲಲಾರೆ.

ಕಾರ್ಡಿಗೆ ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟು. ಅವ್ವ ಮುತ್ತಲದ ಹೂವನ್ನು ಅರೆದು ಬಣ್ಣ ಹಚ್ಚಿದಳು, ಅಂಚಿಗೆ ಕೌದಿಯ ಹೊಲಿಗೆ ಹಾಕಿದಳು. ಒಳಗೆ ಬರೆದದ್ದನ್ನು ನಾನು ಕದ್ದು ಓದಿದ್ದೆ: "ಹೋಳಿ ಹುಣ್ಣಿವಿ ಆದಮ್ಯಾಲ ಶರಣೂನ ಸಾಲಿ ಅಲ್ಲೇ ಹಚ್ಚೋಣು. ನಾವಿಬ್ಬರೂ ಬರತೀವಿ. ಹೂಂ ಅನ್ನೂದಿದ್ರ ಡಬ್ಬ್ಯಾಗ ಒಂದು ಎಲಿ ಇಟ್ಟ ಕಳಸ್ರಿ. ಯಾವ ಎಲಿ ಆದ್ರೂ ನಡೀತದ."

ಆಪಾ ತನ್ನ ಚೂರು ಬಟ್ಟೆಗಳಿಂದ ಒಂದು ಕೆಂಪು ಸಾಟಿನ್ ಚೌಕ ಹೊಲಿದು ತಂದಿದ್ದಳು, ನಾಲ್ಕು ಮೂಲೆಗೂ ಬದಾಮ. ಎಣ್ಣೆ ಹತ್ತಿದ ಲುಂಗಿ ತುಂಡಿನಲ್ಲಿ ಇಷ್ಟೆಲ್ಲವನ್ನು ಕಟ್ಟುವುದು ಅವ್ವನಿಗೆ ಮನಸ್ಸಾಗಲಿಲ್ಲ. ಗಂಟು ಹಾಕುವಾಗ ಆಪಾಳಿಗೇ ಹೊಳೆಯಿತು.

"ಮಹಾನಂದಾ, ಗುರುತು ಹ್ಯಾಂಗ ಹತ್ತಬೇಕು ಅವರಿಗೆ? ಒಂದು ಚೀಟಿ ಹಚ್ಚು, ಹೆಸರ ಬರಿ."

"ಅಯ್ಯ, ಅವರ ಹೆಸರು ನಾ ಬರೀಲೇನ್ರಿ?"

ಗಂಡನ ಹೆಸರು ಹೇಳಿದರೆ, ಬರೆದರೆ, ಅವನ ಆಯುಷ್ಯಕ್ಕೆ ಕುಂದು ಎಂದು ನಂಬಿದವಳು ಅವಳು. ಹೆಸರು ಹೇಳಲು ಅವಳಿಗಿದ್ದದ್ದು ಒಂದೇ ದಾರಿ, ಮದುವೆಮನೆಯ ಒಡಪು. ಆಪಾ ಬಿಡಲಿಲ್ಲ: "ಒಡಪರೇ ಹಾಕು, ಕೇಳೋಣು."

ಅವ್ವ ಸೆರಗು ಸರಿಮಾಡಿಕೊಂಡು, ನಾನಿರುವುದನ್ನು ಮರೆತು, ಹೇಳಿದಳು:

"ಕಲ್ಯಾಣದ ಹಾದ್ಯಾಗ ಮುತ್ತಲದ ಹೂವ,
ಕಾಶಿನಾಥರ ಹೆಸರ ಹೇಳಿದ್ರ ಆರತದ ಹಸಿವ."

ಹೇಳಿ ಮುಖ ಮುಚ್ಚಿಕೊಂಡಳು. ಅವಳಿಗಾಗ ಇಪ್ಪತ್ತೊಂಬತ್ತೋ ಮೂವತ್ತೋ. ಆಮೇಲೆ ನನ್ನ ಕಡೆ ತಿರುಗಿ, "ಶರಣ್ಯಾ, ನೀ ಬರದ ಪಿನ್ನಿಲೆ ಚುಚ್ಚು. ಮರೀಬ್ಯಾಡ," ಎಂದಳು.

ಇಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ನೋಟ್‌ಬುಕ್ಕಿನ ಹಾಳೆ ಹರಿದು ಅಪ್ಪನ ಹೆಸರು ಬರೆದು ಗಂಟಿಗೆ ಚುಚ್ಚುತ್ತೇನೆ. ಪಿನ್ನು ಹೆಬ್ಬೆರಳಿಗೆ ತಾಗಿ ಒಂದು ಹನಿ ರಕ್ತ ಬರುತ್ತದೆ. ಇನ್ನೊಂದರಲ್ಲಿ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಲ್ದಾಣಕ್ಕೆ ಓಡುತ್ತೇನೆ. ಬಸ್ಸು ಹೊರಟಿದೆ. ಕಂಡಕ್ಟರ್ ಬಾಗಿ ಗಂಟು ಇಸಿದುಕೊಂಡು, "ಏನೋ, ಹಬ್ಬ ಜೋರ ಅದಲ್ಲ," ಎನ್ನುತ್ತಾನೆ. ಧೂಳು ಇಳಿದ ಮೇಲೆ ಚೀಟಿ ನನ್ನ ಮುಷ್ಟಿಯಲ್ಲೇ ಇರುತ್ತದೆ, ಬೆವರಿಗೆ ಮೆತ್ತಗಾಗಿ. ಎಷ್ಟೋ ವರ್ಷ ಮೊದಲನೆಯದನ್ನೇ ನಂಬಿದೆ. ಆದರೆ ಆ ರಕ್ತದ ಹನಿ ತೀರ ಒಪ್ಪವಾಗಿದೆ. ತಪ್ಪಿತಸ್ಥನು ಆಮೇಲೆ ಸೇರಿಸಿಕೊಳ್ಳುವ ವಿವರ ಹಾಗೆಯೇ ಇರುತ್ತದೆ.

ಅಂದು ಸಂಜೆ ಡಬ್ಬಿ ಬರಲಿಲ್ಲ. ಮೂರು ಬಸ್ಸು ನೋಡಿ ಬರಿಗೈಯಲ್ಲಿ ಬಂದೆ. ಅವ್ವ ಬಾಗಿಲಲ್ಲಿದ್ದಳು. ತಲೆಗೆ ಹೂ ಮುಡಿದಿದ್ದಳು.

"ಚೀಟಿ ಹಚ್ಚಿದ್ದಿಲ್ಲೋ?"

"ಹಚ್ಚೀನಿ," ಎಂದೆ.

ಇದೊಂದರ ಬಗ್ಗೆ ನನಗೆ ಸಂಶಯವಿಲ್ಲ. ಹಚ್ಚಿದ್ದರೂ, ಹಚ್ಚದಿದ್ದರೂ, ನಾನು ಹೇಳಿದ್ದು ಅದನ್ನೇ. ಕೇಳಿದ ಕೂಡಲೇ ಅವಳ ಮುಖದಲ್ಲಿ ಏನೋ ಮುಚ್ಚಿಕೊಂಡದ್ದನ್ನು ನೋಡಿದೆ. ಬುತ್ತಿ ಮುಟ್ಟಿದೆ, ಅವರು ಓದಿದ್ದಾರೆ, ಎಲೆಯನ್ನೂ ಇಡಲಿಲ್ಲ, ಡಬ್ಬಿಯನ್ನೂ ಕಳಿಸಲಿಲ್ಲ. ಅವಳಿಗೆ ಉತ್ತರ ಸಿಕ್ಕಿತ್ತು. ಒಂದು ಮಾತು ತಿದ್ದಿದ್ದರೆ ಸಾಕಿತ್ತು. ಬೈಗುಳಕ್ಕೆ ಹೆದರಿದೆನೋ, ಅಷ್ಟು ದಿನ ಅವಳು ಪಟ್ಟ ಪಾಡಿಗೆ ಹೆದರಿದೆನೋ, ಗೊತ್ತಿಲ್ಲ.

ಮರುದಿನ ಅವ್ವ ಬುತ್ತಿ ಕಟ್ಟಲಿಲ್ಲ. ಅದರ ಮರುದಿನವೂ ಇಲ್ಲ. ಆಯಿ ಎರಡು ದಿನ ನೋಡಿ, "ಡಬ್ಬೀನೂ ಬರಲಿಲ್ಲ, ಡಬ್ಬಿ ಉಣ್ಣಾಂವನೂ ಬರಲಿಲ್ಲ. ಹೊಸಾ ಡಬ್ಬಿ ತರಲ್ಯಾ?" ಎಂದಳು. "ಬ್ಯಾಡ್ರಿ," ಎಂದಳು ಅವ್ವ. ಫೋನು ಮಾಡಬಾರದಿತ್ತೇ ಎಂದು ಈಗ ಕೇಳಿದವರಿದ್ದಾರೆ. ಬೂತಿನಲ್ಲಿ, ಹತ್ತು ಜನರೆದುರು, ಯಾವ ಹೆಂಗಸು ಇದನ್ನು ಕೇಳುತ್ತಾಳೆ?

ಯುಗಾದಿಗೆ ಅಪ್ಪ ಬಂದ. ಆಯಿಯ ಹತ್ತಿರ ಕುಳಿತು ಬೇವು ತಿಂದ. ನನ್ನ ತಲೆ ಸವರಿದ. ಸಂಜೆ ಹೋದ. ಅವ್ವ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ, ಅವನು ಒಳಗೆ ಇಣುಕಲಿಲ್ಲ. ಆಮೇಲೆ ಹಬ್ಬಕ್ಕೊಮ್ಮೆ, ಸಾವಿಗೊಮ್ಮೆ. ಅವನು ಇನ್ನೊಂದು ಸಂಸಾರ ಹೂಡಿದ್ದರೆ ಅರ್ಥವಾದರೂ ಆಗುತ್ತಿತ್ತು. ಹೂಡಲಿಲ್ಲ. ಒಂದು ಕೋಣೆ, ಒಂದು ಸ್ಟೋವು, ಅಷ್ಟರಲ್ಲೇ ಮುದುಕನಾದ.

ಎಂ.ಎ. ಮುಗಿಸಿದ ವರ್ಷ ಅವನನ್ನು ನೋಡಲು ಕಲ್ಯಾಣಕ್ಕೆ ಹೋದೆ. ಕೈ ನಡುಗುತ್ತಿದ್ದರಿಂದ ಬ್ರಶ್ಶು ಬಿಟ್ಟಿದ್ದ. ಹೋಟೆಲಿನಲ್ಲಿ ಚಹಾ ಬಸಿಯಲ್ಲಿ ಅಲುಗುತ್ತಿತ್ತು. ಕೇಳಿಯೇ ಬಿಟ್ಟೆ.

"ಅಪ್ಪಾ, ನೀ ಯಾಕ ನಮ್ಮನ್ನ ಇಲ್ಲಿ ಕರೀಲಿಲ್ಲ?"

"ಹ್ಯಾಂಗ ಕರೀಲಿ? ನಿಮ್ಮವ್ವನೇ ಬುತ್ತಿ ನಿಂದರಸಿದ್ಲಲ್ಲ." ಚಹಾ ಗುಟುಕರಿಸಿ ಹೇಳಿದ: "ಜಗಳಾಡಿದ್ರ ಮಾತು ಬ್ಯಾರೆ. ಬುತ್ತಿ ನಿಂತಮ್ಯಾಲ ಗಂಡಸು ಏನಂತ ಮನಿಗಿ ಹೋಗಬೇಕು?"

ಬುತ್ತಿ ನಿಂತರೆ ನಮ್ಮ ಕಡೆ ಅದಕ್ಕೆ ಸಂಬಂಧ ಮುಗಿಯಿತೆಂದೇ ಅರ್ಥ, ಅದು ನನಗೂ ಗೊತ್ತಿತ್ತು. ಕೇಳಿದೆ: "ಒಂದಿನಾ ಕೆಂಪ ಬಟ್ಟ್ಯಾಗ ಬಂದಿತ್ತು. ಕಂಡಿದ್ಯಾ?"

ಅವನು ಬಸಿ ಕೆಳಗಿಟ್ಟ. "ಕೆಂಪಂದಾ? ಹೌದು, ಕಿಟಕಿ ಕೆಳಗ ಒಂದಿತ್ತು. ಸಂಜೀತನಾ ಇತ್ತು. ಯಾರೋ ಹೊಸಾ ಹೆಂಡ್ತಿ ಕಳಸ್ಯಾಳ ಅಂತ ನಕ್ಕೋತ ಬಂದೆ. ಯಾಕ?"

"ಏನಿಲ್ಲ," ಎಂದೆ. ಎರಡನೆಯ ಸುಳ್ಳು.

ಇಲ್ಲಿಯೂ ನನ್ನ ಕಸುಬು ನನ್ನನ್ನು ಬಿಡುವುದಿಲ್ಲ. ಬಣ್ಣವನ್ನು ಅವನ ಬಾಯಿಗೆ ಇಟ್ಟವನು ನಾನೇ. ಕೆಂಪು ಎನ್ನದೆ ಬರಿದೇ ಕೇಳಿದ್ದರೆ ಅವನಿಗೆ ನೆನಪಾಗುತ್ತಿತ್ತೇ? ಅಥವಾ ಮಗ ಏನನ್ನೋ ಬೇಡುತ್ತಿದ್ದಾನೆ ಎಂದು ತಿಳಿದು ಕೊಟ್ಟನೇ? ಚೀಟಿ ಇದ್ದಿದ್ದರೆ ಓದುತ್ತಿರಲಿಲ್ಲವೇ? ಮತ್ತೆ ಕೇಳಿ ತಿಳಿಯುವ ಮುಂಚೆಯೇ, ಆ ಮಳೆಗಾಲದಲ್ಲಿ, ಅವನು ತೀರಿಹೋದ. ಆಯಿ ಅದಕ್ಕೂ ಮೊದಲೇ ಹೋಗಿದ್ದಳು. ಶಬಾನಾ ಆಪಾ ಮಗನ ಜೊತೆ ಹೈದರಾಬಾದಿಗೆ ಹೋದವಳು ಎಲ್ಲಿದ್ದಾಳೋ ತಿಳಿಯದು.

ಈಗ ಫೆಬ್ರವರಿ ಬಂದರೆ ಹುಮನಾಬಾದಿನ ಬೇಕರಿಗಳಲ್ಲಿ ಹೃದಯದ ಕೇಕು ಸಾಲಾಗಿ ಇರುತ್ತದೆ, ಹೆಸರು ಹೇಳಿದರೆ ಕೆನೆಯಲ್ಲಿ ಬರೆದೇ ಕೊಡುತ್ತಾರೆ. ಈ ವರ್ಷ ನನ್ನ ಮಗಳು ಸಾಲೆಗೆಂದು ಕಾರ್ಡು ಕತ್ತರಿಸುತ್ತ ಕುಳಿತಿದ್ದಳು. ಅವ್ವ ಪಕ್ಕದಲ್ಲಿ ಕುಳಿತು ಅಂಟು ಹಚ್ಚಿ ಕೊಡುತ್ತಿದ್ದಳು. ಅವಳ ಕೈ ನೋಡುತ್ತ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಚೀಟಿ, ಸುಳ್ಳು, ಅಪ್ಪ ಕಿಟಕಿಯ ಕೆಳಗೆ ನೋಡಿ ನಕ್ಕು ಹೋದದ್ದು. ಬೈಯಲಿ ಎಂದು ಕಾದೆ. ಗೊತ್ತಿತ್ತು ಬಿಡು ಎನ್ನಲಿ ಎಂದೂ ಕಾದೆ.

ಅವ್ವ ಬೆರಳಿಗೆ ಹತ್ತಿದ ಅಂಟನ್ನು ಒಂದೊಂದಾಗಿ ಸುಲಿದಳು. ಆಮೇಲೆ ಕೇಳಿದಳು:

"ಅವರು ಅವತ್ತ ಮಧ್ಯಾನ ಏನುಂಡ್ರಂತ?"

ನಾನು ಅದನ್ನು ಕೇಳಿರಲಿಲ್ಲ.