ಬೇರೆ ತಟ್ಟೆ

ದೋಹಾದ ಸೂಕ್ ವಾಕಿಫ್ ಪೇಟೆಯಲ್ಲಿರುವ ಈ ಯೆಮನಿ ಹೋಟೆಲಿಗೆ ನನ್ನನ್ನು ಕರೆತಂದವರು ಉಪ್ಪಿನಂಗಡಿಯ ಹಮೀದಣ್ಣ. ರೇಡಿಯೋ ಸುದ್ದಿಯನ್ನು ತಿಳಿಸಿದವರೂ ಅವರೇ: ಉತ್ತರ ಯೆಮನಿನ ಸೇನೆ ದಕ್ಷಿಣದ ಏಡನ್ ನಗರವನ್ನು ಮುತ್ತಿದೆ. ಅಡುಗೆಯ ಸಾಲಿಹ್ ಉತ್ತರದವನು. ರೊಟ್ಟಿ ಸುಡುವ ಅವಾದ್ ಏಡನ್ನಿನವನು. ಅವಾದನಿಗೆ ಮನೆಯವರ ಸುದ್ದಿಯಿಲ್ಲದೆ ತಿಂಗಳಾಗಿದೆ.

ಇಬ್ಬರೂ ಒಂದೇ ಹರಿವಾಣದೆದುರು ಕುಳಿತು ನಮ್ಮನ್ನೂ ಕರೆದರು. ಎಂಜಲೆಂದು ಅಳುಕಿದ ನಾನು ಬೇರೆ ತಟ್ಟೆ ಬೇಕೆಂದೆ.

“ಇವತ್ತು ಮಾತ್ರ ಇವರ ಹತ್ರ ಬೇರೆ ತಟ್ಟೆ ಕೇಳ್ಬೇಡಿ ಮಾರಾಯ್ರೆ,” ಹಮೀದಣ್ಣ ಪಿಸುಗುಟ್ಟಿದರು.

ನಾಚಿ, ಕೈ ತೊಳೆದು ಕುಳಿತೆ. ಸಾಲಿಹ್ ರೊಟ್ಟಿ ಮುರಿದು ಮೊದಲ ತುಂಡನ್ನು ಅವಾದನಿಗೆ ಕೊಟ್ಟ. ಅವಾದ್ ಅದರಲ್ಲಿ ಅರ್ಧವನ್ನು ನನ್ನತ್ತ ಚಾಚಿದ. ಅದನ್ನು ಕಣ್ಣಿಗೊತ್ತಿಕೊಂಡು ತಿಂದೆ.